ದೊಡ್ಡಮ್ಮನ ಸಲೈನ್ ಬಾಟಲಿಯಲ್ಲಿದ್ದ ಮರ

ಇವತ್ತು ರಾಜಕೀಯ ಇಲ್ಲ, ಜಗಳ ಇಲ್ಲ, ಸ್ಕ್ರೀನಿನ ಮೇಲೆ ಆರು ಜನರ ಮುಖವೂ ಇಲ್ಲ. ನಮ್ಮ ಮನೆಯದೇ ಒಂದು ವಿಷಯ ಹೇಳ್ತೀನಿ. ಕೇಳಿದ ಮೇಲೆ ಇದು ನಿಮ್ಮ ಮನೆಯದೂ ಹೌದು ಅನ್ನಿಸಿದರೆ ಆಶ್ಚರ್ಯವಿಲ್ಲ.

ಎರಡು ದಿನ ರಜೆ ಹಾಕಿ ದಾವಣಗೆರೆಗೆ ಹೋಗಿದ್ದೆ. ನಮ್ಮ ಮನೆ ಇರೋದು ಪಿ.ಜೆ. ಬಡಾವಣೆಯಲ್ಲಿ. ರಾಮ್ ಅಂಡ್ ಕೋ ಸರ್ಕಲ್‌ನಿಂದ ನಡೆದೇ ಹೋಗಬಹುದು. ಆ ಕಡೆ ಓಡಾಡಿದವರಿಗೆ ಗೊತ್ತಿರುತ್ತೆ, ಬೆಣ್ಣೆದೋಸೆಗೆ ಎಷ್ಟು ಬರವಿಲ್ಲವೋ ನರ್ಸಿಂಗ್ ಹೋಂಗಳಿಗೂ ಅಷ್ಟೇ ಬರವಿಲ್ಲ. ಊರಿನವರು ದೋಸೆಗೂ ಅಲ್ಲಿಗೇ ಬರ್ತಾರೆ, ಡಾಕ್ಟರ್ ಹತ್ತಿರ ತೋರಿಸೋದಕ್ಕೂ ಅಲ್ಲಿಗೇ ಬರ್ತಾರೆ.

ನಮ್ಮ ದೊಡ್ಡಮ್ಮನಿಗೆ ಆ ವರ್ಷ ಸ್ತನ ಕ್ಯಾನ್ಸರ್ ಅಂತ ಗೊತ್ತಾಗಿತ್ತು. ಆಪರೇಷನ್ ಆಗಿತ್ತು. ಮೊದಲ ಹಂತದ ಕೀಮೋ ಮುಗಿದಿತ್ತು. ಆಮೇಲೆ ವಾರಕ್ಕೊಂದರಂತೆ ಹನ್ನೆರಡು ಬಾರಿ ಇನ್ನೊಂದು ಔಷಧ ಕೊಡಬೇಕು ಅಂತ ಡಾಕ್ಟರ್ ಬರೆದಿದ್ದರು. ನಾಲ್ಕು ಮುಗಿದಿದ್ದವು. ಐದನೆಯದಕ್ಕೆ ದೊಡ್ಡಮ್ಮ ಹೋಗಿರಲಿಲ್ಲ.

'ಯಾಕೆ ದೊಡ್ಡಮ್ಮ?' ಅಂದೆ.

'ಸಾಕಪ್ಪ ನನಗೆ ಆ ಕೆಮಿಕಲ್ಲು. ತಲೆ ಬೋಳಾತು. ಕೈಬೆರಳು ಜುಮ್ ಅಂತಾವೆ, ಕುಪ್ಪಸದ ಗುಂಡಿ ಹಾಕ್ಕಳಕ್ಕೂ ಆಗಲ್ಲ. ಅದೇನೋ ತೊಗಟೆ ಪುಡಿ ಐತಂತೆ, ಮಲೆನಾಡಿಂದು. ಹಾಲಿನಾಗೆ ಹಾಕಿ ಕುಡಿದ್ರೆ ಗಡ್ಡೆ ಕರಗ್ತೈತಂತೆ. ಗಿಡದ್ದು, ಯಾವ ಕೆಟ್ಟ ಪರಿಣಾಮನೂ ಇಲ್ಲ.'

'ಯಾರು ಹೇಳಿದ್ರು?'

ದೊಡ್ಡಮ್ಮ ನನ್ನ ಮುಖ ನೋಡಿದರು. 'ನೀನೇ ಹೇಳಿದ್ದಲ್ಲಪ್ಪ. ಟೀವಿಯಾಗೆ.'

ನನಗೆ ಒಂದು ನಿಮಿಷ ಮಾತೇ ಹೊರಡಲಿಲ್ಲ. ದೊಡ್ಡಮ್ಮ ಹೇಳಿದ್ದು ನಿಜ. ಕೆಲವು ವರ್ಷಗಳ ಹಿಂದೆ, ಆಗ ನಾನು ಕೆಲಸ ಮಾಡುತ್ತಿದ್ದ ಕಡೆ, ಭಾನುವಾರದ ಅರ್ಧ ಗಂಟೆಯ ಒಂದು ಆರೋಗ್ಯ ಕಾರ್ಯಕ್ರಮ ನಡೆಸಿಕೊಟ್ಟಿದ್ದೆ. ಎದುರಿಗೆ ಕೂತಿದ್ದ ಒಬ್ಬರು ಗಿಡಮೂಲಿಕೆಯಿಂದ ಕ್ಯಾನ್ಸರ್ ವಾಸಿ ಮಾಡ್ತೀನಿ ಅಂದರು. ಕೆಳಗೆ 'ಕ್ಯಾನ್ಸರ್‌ಗೆ ರಾಮಬಾಣ' ಅಂತ ಪಟ್ಟಿ ಓಡುತ್ತಿತ್ತು. ಎಂ.ಎಲ್.ಎ.ಗಳು, ಮಂತ್ರಿಗಳು ಬಂದರೆ 'ದಾಖಲೆ ಎಲ್ಲಿದೆ ಸರ್?' ಅಂತ ಕೇಳುವ ನಾನು ಆ ಮನುಷ್ಯನಿಗೆ ಆ ಒಂದು ಪ್ರಶ್ನೆ ಕೇಳಲಿಲ್ಲ. 'ಬಹಳ ಒಳ್ಳೆಯ ಮಾಹಿತಿ' ಅಂತ ಹೇಳಿ ಕೈ ಮುಗಿದೆ. ಆ ತುಣುಕು ಇನ್ನೂ ಜನರ ಫೋನುಗಳಲ್ಲಿ ಓಡಾಡ್ತಾ ಇದೆ. ಓಡಾಡಿ ಓಡಾಡಿ ಕೊನೆಗೆ ನಮ್ಮ ದೊಡ್ಡಮ್ಮನ ಫೋನಿಗೇ ಬಂದಿತ್ತು.

ಅವತ್ತು ಕೇಳದೇ ಬಿಟ್ಟ ಪ್ರಶ್ನೆಗಳನ್ನು ಇವತ್ತು ಕೇಳ್ತೀನಿ. ಶುರು ಮಾಡೋದು ದೊಡ್ಡಮ್ಮ 'ಕೆಮಿಕಲ್' ಅಂದರಲ್ಲ, ಅಲ್ಲಿಂದ.

ಅವರ ಫೈಲು ತೆಗೆದು ನೋಡಿದೆ. ಔಷಧದ ಹೆಸರು ಪ್ಯಾಕ್ಲಿಟ್ಯಾಕ್ಸೆಲ್. ನಾನು ಓದಿದ್ದು ಎಂಜಿನಿಯರಿಂಗ್, ಡಾಕ್ಟರಿಕೆ ಅಲ್ಲ. ಆದರೆ ಎಂಜಿನಿಯರಿಂಗ್ ಕಾಲೇಜು ಒಂದು ಅಭ್ಯಾಸ ಕಲಿಸುತ್ತೆ. ಕೈಗೆ ಯಾವುದೇ ವಸ್ತು ಬಂದರೂ ಇದು ಎಲ್ಲಿಂದ ಬಂತು, ಹೇಗೆ ಕೆಲಸ ಮಾಡುತ್ತೆ ಅಂತ ಬಿಚ್ಚಿ ನೋಡಬೇಕು. ಬಿಚ್ಚಿ ನೋಡಿದೆ. ನೋಡಿದ ಮೇಲೆ ದೊಡ್ಡಮ್ಮನಿಗೆ ಹೇಳಿದ ಮೊದಲ ಮಾತು ಇದು: 'ದೊಡ್ಡಮ್ಮ, ನೀವು ಬೇಡ ಅಂತಿರೋ ಆ ಬಾಟಲಿಯಲ್ಲಿರೋದೂ ತೊಗಟೆಯಿಂದ ಬಂದ ಮದ್ದೇ.'

ಹೌದು. ಪ್ಯಾಕ್ಲಿಟ್ಯಾಕ್ಸೆಲ್ ಮೊದಲು ಸಿಕ್ಕಿದ್ದು ಒಂದು ಮರದ ತೊಗಟೆಯಲ್ಲಿ. ಮರದ ಹೆಸರು ಯೂ. ಸದಾ ಹಸಿರಾಗಿರುವ, ಸೂಜಿಯಂಥ ಎಲೆಯ, ಬಹಳ ನಿಧಾನವಾಗಿ ಬೆಳೆಯುವ ಮರ.

ಕಥೆ ಶುರುವಾಗೋದು ಅಮೆರಿಕದಲ್ಲಿ. ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1960ರಲ್ಲಿ ಒಂದು ದೊಡ್ಡ ಹುಡುಕಾಟ ಶುರು ಮಾಡಿತು. ಸಿಕ್ಕ ಸಿಕ್ಕ ಗಿಡ, ಮರ, ಬೇರು, ಎಲೆ ಎಲ್ಲದರ ಸಾರ ತೆಗೆದು ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷೆ ಮಾಡಿ ನೋಡೋದು. ಸುಮಾರು ಎರಡು ದಶಕಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸಾರಗಳನ್ನು ಹೀಗೆ ಪರೀಕ್ಷಿಸಿದರು. ಅದರಲ್ಲಿ ಕೊನೆಗೆ ಔಷಧವಾಗಿ ಆಸ್ಪತ್ರೆ ತಲುಪಿದ್ದು ಬೆರಳೆಣಿಕೆಯಷ್ಟು. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

1962ರ ಆಗಸ್ಟ್‌ನಲ್ಲಿ ಆರ್ಥರ್ ಬಾರ್ಕ್ಲೇ ಎಂಬ ಸಸ್ಯವಿಜ್ಞಾನಿ ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ ಯೂ ಮರದ ತೊಗಟೆ ಸಂಗ್ರಹಿಸಿದರು. ಅಲ್ಲಿನ ಮರ ಕಡಿಯುವವರಿಗೆ ಅದು ಕೆಲಸಕ್ಕೆ ಬಾರದ ಮರ. ಬೇರೆ ಮರ ಕಡಿಯುವಾಗ ಅಡ್ಡ ಬಂದರೆ ಕಡಿದು ಸುಟ್ಟುಬಿಡುತ್ತಿದ್ದರು. ಆ ತೊಗಟೆಯ ಸಾರ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತೆ ಅಂತ 1964ರಲ್ಲಿ ಗೊತ್ತಾಯಿತು.

ಸಾರ ಕೊಲ್ಲುತ್ತೆ ಸರಿ, ಆದರೆ ಸಾರದೊಳಗೆ ನೂರಾರು ವಸ್ತುಗಳಿರುತ್ತವೆ. ಅದರಲ್ಲಿ ಯಾವುದು ಕೊಲ್ಲುತ್ತಿದೆ? ಅದನ್ನು ಹುಡುಕಿದವರು ನಾರ್ತ್ ಕ್ಯಾರೊಲಿನಾದ ರಿಸರ್ಚ್ ಟ್ರಯಾಂಗಲ್ ಇನ್ಸ್ಟಿಟ್ಯೂಟ್‌ನ ಇಬ್ಬರು. ಒಬ್ಬರು ಮನ್ರೋ ವಾಲ್. ಇನ್ನೊಬ್ಬರ ಹೆಸರು ಮನ್ಸುಖ್ ವಾಣಿ. ಇವರು ನಮ್ಮ ಪಕ್ಕದ ಮಹಾರಾಷ್ಟ್ರದ ನಂದುರ್‌ಬಾರ್‌ನಲ್ಲಿ 1925ರಲ್ಲಿ ಹುಟ್ಟಿದವರು, ಬಾಂಬೆ ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕಕ್ಕೆ ಹೋದವರು. ಜಗತ್ತಿನಲ್ಲಿ ಲಕ್ಷಾಂತರ ಹೆಂಗಸರು ಇವತ್ತು ತೆಗೆದುಕೊಳ್ಳುತ್ತಿರುವ ಔಷಧವನ್ನು ಕಂಡುಹಿಡಿದ ಇಬ್ಬರಲ್ಲಿ ಒಬ್ಬರು ನಮ್ಮವರು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನನಗಂತೂ ಗೊತ್ತಿರಲಿಲ್ಲ. 2020ರಲ್ಲಿ ಅವರು ತೀರಿಕೊಂಡಾಗ ನಾವು ಯಾರೂ ಬ್ರೇಕಿಂಗ್ ನ್ಯೂಸ್ ಹಾಕಲಿಲ್ಲ.

ಇವರಿಬ್ಬರೂ ಸಾರವನ್ನು ಸೋಸಿ ಸೋಸಿ, ಒಂದೊಂದು ಭಾಗವನ್ನೂ ಪರೀಕ್ಷಿಸಿ, ಕೊನೆಗೆ ಕೆಲಸ ಮಾಡುವ ಒಂದೇ ಒಂದು ವಸ್ತುವನ್ನು ಬೇರ್ಪಡಿಸಿದರು. ಅದಕ್ಕೆ ಟ್ಯಾಕ್ಸಾಲ್ ಅಂತ ಹೆಸರಿಟ್ಟರು. ಅದರ ರಚನೆಯನ್ನು 1971ರಲ್ಲಿ ಪ್ರಕಟಿಸಿದರು. ತೊಗಟೆ ಸಿಕ್ಕಿ ಆಗಲೇ ಒಂಬತ್ತು ವರ್ಷ ಆಗಿತ್ತು, ಒಬ್ಬ ರೋಗಿಗೂ ಇನ್ನೂ ಕೊಟ್ಟಿರಲಿಲ್ಲ.

ಈಗ ಇದು ಕೆಲಸ ಮಾಡೋದು ಹೇಗೆ ನೋಡೋಣ. ಪಿ.ಜೆ. ಬಡಾವಣೆಯಲ್ಲಿ ಹಳೆಯ ಮನೆ ಕೆಡವಿ ಹೊಸ ಬಿಲ್ಡಿಂಗ್ ಕಟ್ಟದ ರಸ್ತೆಯೇ ಇಲ್ಲ. ಕಟ್ಟಡದ ಸುತ್ತ ಕಟ್ಟಿಗೆಯದೋ ಕಬ್ಬಿಣದ ಪೈಪಿನದೋ ಸಾರವೆ ಕಟ್ಟಿರ್ತಾರೆ, ನೋಡಿರ್ತೀರಿ. ಕೆಲಸ ನಡೆಯುವಾಗ ಕಟ್ಟೋದು, ಮುಗಿದ ಮೇಲೆ ಬಿಚ್ಚೋದು, ಇನ್ನೊಂದು ಕಡೆ ಮತ್ತೆ ಕಟ್ಟೋದು. ನಮ್ಮ ದೇಹದ ಪ್ರತಿಯೊಂದು ಜೀವಕೋಶದ ಒಳಗೂ ಇಂಥ ಸಾರವೆ ಇದೆ. ಅತಿ ಸಣ್ಣ ಕೊಳವೆಗಳು, ಮೈಕ್ರೋಟ್ಯೂಬ್ಯೂಲ್ ಅಂತಾರೆ. ಒಂದು ಕೋಶ ಎರಡಾಗಬೇಕಾದರೆ ಒಳಗಿನ ವರ್ಣತಂತುಗಳನ್ನು ಸಮನಾಗಿ ಎರಡು ಕಡೆ ಎಳೆದುಕೊಳ್ಳಬೇಕು. ಎಳೆಯೋದು ಈ ಕೊಳವೆಗಳು. ಅದಕ್ಕಾಗಿ ಅವು ಬೆಳೆಯಬೇಕು, ಕುಗ್ಗಬೇಕು, ಬಿಚ್ಚಿಕೊಳ್ಳಬೇಕು.

ಟ್ಯಾಕ್ಸಾಲ್ ಏನು ಮಾಡುತ್ತೆ? ಆ ಸಾರವೆಯನ್ನು ವೆಲ್ಡಿಂಗ್ ಮಾಡಿಬಿಡುತ್ತೆ. ಕಟ್ಟಿದ್ದು ಬಿಚ್ಚೋದಕ್ಕೆ ಬರಲ್ಲ. ಕೋಶ ಎರಡಾಗೋದಕ್ಕೆ ಹೊರಟು ನಡುವೆ ಸಿಕ್ಕಿಹಾಕಿಕೊಂಡು ಸಾಯುತ್ತೆ. ಇದನ್ನು ತೋರಿಸಿದವರು ನ್ಯೂಯಾರ್ಕಿನ ವಿಜ್ಞಾನಿ ಸೂಸನ್ ಹಾರ್ವಿಟ್ಸ್ ಮತ್ತವರ ತಂಡ, 1979ರಲ್ಲಿ. ಅಲ್ಲಿಯವರೆಗೆ ಇದ್ದ ಕೆಲವು ಔಷಧಗಳು ಸಾರವೆ ಕಟ್ಟೋದಕ್ಕೇ ಬಿಡುತ್ತಿರಲಿಲ್ಲ. ಇದು ಕಟ್ಟೋದಕ್ಕೆ ಬಿಟ್ಟು ಬಿಚ್ಚೋದಕ್ಕೆ ಬಿಡಲ್ಲ. ಹೊಸ ದಾರಿ. ಮೂಲೆ ಸೇರಿದ್ದ ಔಷಧದ ಮೇಲೆ ಎಲ್ಲರ ಕಣ್ಣು ಬಿದ್ದಿದ್ದು ಆಮೇಲೆ.

ಇಲ್ಲಿಯೇ ದೊಡ್ಡಮ್ಮನ ಕೂದಲಿನ ಪ್ರಶ್ನೆಗೂ ಉತ್ತರ ಇದೆ. ಕ್ಯಾನ್ಸರ್ ಕೋಶ ಬೇಗ ಬೇಗ ಎರಡಾಗುತ್ತೆ, ಅದಕ್ಕೇ ಏಟು ಹೆಚ್ಚು. ಆದರೆ ಕೂದಲಿನ ಬುಡದ ಕೋಶ, ಕರುಳಿನ ಒಳಪದರ, ರಕ್ತ ತಯಾರಿಸುವ ಅಸ್ಥಿಮಜ್ಜೆ, ಇವೂ ಬೇಗ ಬೇಗ ಎರಡಾಗುವ ಕೋಶಗಳೇ. ಅವಕ್ಕೂ ಏಟು ಬೀಳುತ್ತೆ. ಕೈಬೆರಳು ಜುಮ್ ಅನ್ನೋದು ಯಾಕೆ? ನರಗಳು ಬಹಳ ಉದ್ದ. ಬೆನ್ನಿನಿಂದ ಬೆರಳ ತುದಿಯವರೆಗೆ ಸಾಮಾನು ಸಾಗಿಸೋದು ಇದೇ ಕೊಳವೆಗಳ ಹಳಿಯ ಮೇಲೆ. ಹಳಿ ಕೆಟ್ಟರೆ ತುದಿಯ ಸ್ಟೇಷನ್‌ಗೆ ಗಾಡಿ ಬರಲ್ಲ. ದೊಡ್ಡಮ್ಮನಿಗೆ ಗುಂಡಿ ಹಾಕಿಕೊಳ್ಳೋಕೆ ಆಗದೇ ಇದ್ದಿದ್ದು ಅದಕ್ಕೆ. ಇದು ಸಣ್ಣ ತೊಂದರೆ ಅಂತ ನಾನು ಹೇಳಲ್ಲ. ಆದರೆ ಇದನ್ನು ಸಹಿಸಿಕೊಂಡು ಸುಮ್ಮನಿರಬಾರದು, ಔಷಧ ಬಿಟ್ಟು ಮನೆಯಲ್ಲೂ ಕೂರಬಾರದು. ಡಾಕ್ಟರಿಗೆ ಹೇಳಬೇಕು. ಅವರು ಪ್ರಮಾಣ ಕಡಿಮೆ ಮಾಡಬಹುದು, ಒಂದು ವಾರ ಮುಂದೂಡಬಹುದು, ಔಷಧವನ್ನೇ ಬದಲಿಸಬಹುದು. ದೊಡ್ಡಮ್ಮ ಈ ಬೆರಳಿನ ವಿಷಯ ನನಗೆ ಹೇಳಿದ್ದರು, ಪಕ್ಕದ ಮನೆಯವರಿಗೆ ಹೇಳಿದ್ದರು. ಡಾಕ್ಟರಿಗೆ ಹೇಳಿರಲಿಲ್ಲ.

ಈಗ ಮನುಷ್ಯರ ಮೇಲಿನ ಪರೀಕ್ಷೆಗೆ ಬರೋಣ. ಅದು ಶುರುವಾಗಿದ್ದು 1984ರಲ್ಲಿ. ಮೊದಲ ಹಂತದಲ್ಲೇ ದೊಡ್ಡ ತೊಡಕು. ಟ್ಯಾಕ್ಸಾಲ್ ನೀರಿನಲ್ಲಿ ಕರಗಲ್ಲ. ನೀರಿನಲ್ಲಿ ಕರಗದ್ದನ್ನು ರಕ್ತನಾಳಕ್ಕೆ ಕೊಡೋದು ಹೇಗೆ? ಕೊನೆಗೆ ಏನರಲ್ಲಿ ಕರಗಿಸಿದರು ಗೊತ್ತಾ? ನಮ್ಮ ಕಡೆ ಹೊಲದ ಬದುವಿನಲ್ಲಿ ಹಾಕ್ತೀವಲ್ಲ ಔಡಲ, ಆ ಔಡಲ ಎಣ್ಣೆಯನ್ನು ರಾಸಾಯನಿಕವಾಗಿ ಮಾರ್ಪಡಿಸಿ, ಅದಕ್ಕೆ ಆಲ್ಕೋಹಾಲ್ ಸೇರಿಸಿ, ಅದರಲ್ಲಿ ಕರಗಿಸಿದರು. ಈ ಎಣ್ಣೆ ಕೆಲವರ ಮೈಗೆ ಒಗ್ಗಲಿಲ್ಲ. ಉಸಿರು ಕಟ್ಟುವಷ್ಟು ತೀವ್ರ ಅಲರ್ಜಿ ಆಯಿತು. ಪರೀಕ್ಷೆಯೇ ನಿಂತುಹೋಗುವ ಪರಿಸ್ಥಿತಿ ಬಂತು. ಆಮೇಲೆ ದಾರಿ ಹುಡುಕಿದರು: ಔಷಧ ಏರಿಸುವ ಮೊದಲೇ ಅಲರ್ಜಿ ತಡೆಯುವ ಇಂಜೆಕ್ಷನ್‌ಗಳನ್ನು ಕೊಡೋದು, ಡ್ರಿಪ್ಪನ್ನು ನಿಧಾನವಾಗಿ ಬಿಡೋದು. ಕೀಮೋ ವಾರ್ಡಿನಲ್ಲಿ ಕೂತವರು ಕೇಳ್ತಿರ್ತಾರೆ, 'ಮುಖ್ಯ ಔಷಧಕ್ಕಿಂತ ಮೊದಲು ಇಷ್ಟೊಂದು ಇಂಜೆಕ್ಷನ್ ಯಾಕೆ ಸಿಸ್ಟರ್?' ಅಂತ. ಯಾಕೆ ಅಂದರೆ ಇದಕ್ಕೆ. ಆ ಒಂದೊಂದು ಇಂಜೆಕ್ಷನ್ನಿನ ಹಿಂದೆ ಮೊದಲು ತೊಂದರೆಪಟ್ಟ ಯಾರೋ ಒಬ್ಬ ರೋಗಿ ಇದ್ದಾರೆ.

1989ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವೈದ್ಯರು ಫಲಿತಾಂಶ ಪ್ರಕಟಿಸಿದರು. ಬೇರೆ ಔಷಧಗಳಿಗೆ ಬಗ್ಗದ ಅಂಡಾಶಯದ ಕ್ಯಾನ್ಸರ್ ಇದ್ದ ಹೆಂಗಸರಲ್ಲಿ ನೂರಕ್ಕೆ ಸುಮಾರು ಮೂವತ್ತು ಜನರ ಗಡ್ಡೆ ಗಮನಾರ್ಹವಾಗಿ ಕುಗ್ಗಿತ್ತು. ಗಮನಿಸಿ, ನೂರಕ್ಕೆ ನೂರು ಅಂತ ಅವರು ಹೇಳಲಿಲ್ಲ. ಮೂವತ್ತು ಅಂದರು. ಆ ಮೂವತ್ತು ಆಗ ದೊಡ್ಡ ಸುದ್ದಿ. 1992ರ ಡಿಸೆಂಬರ್‌ನಲ್ಲಿ ಅಮೆರಿಕ ಸರ್ಕಾರ ಅಂಡಾಶಯದ ಕ್ಯಾನ್ಸರ್‌ಗೆ ಅನುಮತಿ ಕೊಟ್ಟಿತು. 1994ರಲ್ಲಿ ಸ್ತನ ಕ್ಯಾನ್ಸರ್‌ಗೂ ಕೊಟ್ಟಿತು. 1962ರಿಂದ 1992. ತೊಗಟೆಯಿಂದ ಬಾಟಲಿಗೆ ಮೂವತ್ತು ವರ್ಷ.

ಔಷಧ ಸಿಕ್ಕಿತು, ಆದರೆ ಮರ ಸಾಲಲಿಲ್ಲ. ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಕಿಲೋ ಪ್ಯಾಕ್ಲಿಟ್ಯಾಕ್ಸೆಲ್‌ಗೆ ಸುಮಾರು ಹತ್ತು ಸಾವಿರ ಕಿಲೋ ತೊಗಟೆ ಬೇಕಿತ್ತು. ಅಷ್ಟು ತೊಗಟೆಗೆ ಸುಮಾರು ಮೂರು ಸಾವಿರ ಮರ. ದೊಡ್ಡಮ್ಮನ ಮೈಯಳತೆಗೆ ವಾರಕ್ಕೆ ಹೆಚ್ಚುಕಡಿಮೆ 120 ಮಿಲಿಗ್ರಾಂ ಅಂತ ಹಿಡಿದರೆ ಹನ್ನೆರಡು ವಾರಕ್ಕೆ ಒಂದೂವರೆ ಗ್ರಾಂ ಹತ್ತಿರ ಹತ್ತಿರ. ಅಂದರೆ ಹದಿನೈದು ಕಿಲೋ ತೊಗಟೆ, ನಾಲ್ಕೈದು ಮರ. ತೊಗಟೆ ಸುಲಿದರೆ ಮರ ಸಾಯುತ್ತೆ. ಆ ಮರ ದೊಡ್ಡದಾಗೋದಕ್ಕೆ ನೂರು ವರ್ಷ ಬೇಕು. ಒಬ್ಬ ಹೆಂಗಸಿಗೆ ನಾಲ್ಕೈದು ಶತಮಾನದ ಮರ! ಕಾಡು ಉಳಿಸಬೇಕು ಅನ್ನುವವರೂ ಹೆಂಡತಿ, ತಾಯಿ ಉಳಿಯಬೇಕು ಅನ್ನುವವರೂ ಅಮೆರಿಕದಲ್ಲಿ ಎದುರುಬದುರಾದರು. ಎರಡೂ ಕಡೆಯವರ ಮಾತು ಸರಿಯೇ ಇತ್ತು.

ಬಿಕ್ಕಟ್ಟು ಬಿಡಿಸಿದ್ದು ಎಲೆ. ಫ್ರಾನ್ಸ್‌ನ ಪಿಯರ್ ಪೋಟಿಯೇ ಅವರ ತಂಡ ಯೂರೋಪಿನ ಯೂ ಮರದ ಎಲೆಯಲ್ಲಿ ಟ್ಯಾಕ್ಸಾಲ್‌ಗೆ ಹತ್ತಿರದ ಒಂದು ವಸ್ತು ಧಾರಾಳವಾಗಿದೆ ಅಂತ ತೋರಿಸಿತು, ಒಂದು ಕಿಲೋ ಎಲೆಗೆ ಸುಮಾರು ಒಂದು ಗ್ರಾಂ. ಎಲೆ ಕಿತ್ತರೆ ಮತ್ತೆ ಚಿಗುರುತ್ತೆ, ಮರ ಸಾಯಲ್ಲ. ಆ ವಸ್ತುವಿಗೆ ಪ್ರಯೋಗಾಲಯದಲ್ಲಿ ಒಂದು ಬಾಲ ಜೋಡಿಸಿದರೆ ಪ್ಯಾಕ್ಲಿಟ್ಯಾಕ್ಸೆಲ್ ಸಿದ್ಧ. ಬಾಲ ಸ್ವಲ್ಪ ಬದಲಿಸಿದರೆ ಅದರ ತಂಗಿ ಡೋಸಿಟ್ಯಾಕ್ಸೆಲ್. ಈ ಹೆಸರೂ ಅನೇಕರ ಫೈಲಿನಲ್ಲಿ ಇರುತ್ತೆ. ಆಮೇಲೆ ಯೂ ಮರದ ಕೋಶಗಳನ್ನು ದೊಡ್ಡ ಟ್ಯಾಂಕುಗಳಲ್ಲಿ ಬೆಳೆಸಿ ಔಷಧ ತೆಗೆಯುವ ತಂತ್ರವೂ ಬಂತು. ಇವತ್ತು ಪ್ಯಾಕ್ಲಿಟ್ಯಾಕ್ಸೆಲ್ ನಮ್ಮ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ, ಅದರ ಬೆಲೆಗೆ ಸರ್ಕಾರ ಮಿತಿ ಹಾಕಿದೆ. ನಮ್ಮ ದೇಶದ ಕಂಪನಿಗಳೇ ತಯಾರಿಸುತ್ತವೆ.

ಇಷ್ಟು ಹೇಳಿದ ಮೇಲೆ ದೊಡ್ಡಮ್ಮ ಬಹಳ ಚುರುಕಾದ ಪ್ರಶ್ನೆ ಕೇಳಿದರು. 'ಹಂಗಾದ್ರೆ ಆ ಮರದ ತೊಗಟೆನೇ ತಂದು ಕಷಾಯ ಕಾಸಿ ಕುಡಿದ್ರೆ ಆಗಲ್ವೇನು? ಇಷ್ಟೆಲ್ಲ ಸೂಜಿ ಯಾಕೆ ಚುಚ್ಚಿಸ್ಕಬೇಕು?'

ಆಗಲ್ಲ. ಮೂರು ಕಾರಣ.

ಒಂದು, ಪ್ಯಾಕ್ಲಿಟ್ಯಾಕ್ಸೆಲ್ ನೀರಿನಲ್ಲಿ ಕರಗಲ್ಲ ಅಂದೆನಲ್ಲ, ಹಾಗಾಗಿ ನೀರಿಟ್ಟು ಕಾಸಿದ ಕಷಾಯಕ್ಕೆ ಅದು ಸರಿಯಾಗಿ ಇಳಿಯೋದೇ ಇಲ್ಲ. ಎರಡು, ಬಾಯಿಯಿಂದ ತೆಗೆದುಕೊಂಡರೂ ಕರುಳಿನ ಕೋಶಗಳು ಅದನ್ನು ವಾಪಸ್ ಹೊರಗೆ ತಳ್ಳುತ್ತವೆ. ರಕ್ತಕ್ಕೆ ಸೇರೋದು ಅತ್ಯಲ್ಪ. ಅದಕ್ಕೇ ರಕ್ತನಾಳಕ್ಕೆ ನೇರವಾಗಿ ಕೊಡೋದು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಯೂ ಮರದಲ್ಲಿ ಟ್ಯಾಕ್ಸಾಲ್ ಒಂದೇ ಇಲ್ಲ, ಟ್ಯಾಕ್ಸೀನ್ ಎಂಬ ವಿಷವೂ ಇದೆ. ಅದು ಹೃದಯದ ಬಡಿತವನ್ನೇ ನಿಲ್ಲಿಸುತ್ತೆ. ಯೂ ಸೊಪ್ಪು ತಿಂದ ದನ, ಕುದುರೆ ನಿಂತಲ್ಲೇ ಬಿದ್ದು ಸಾಯುತ್ತವೆ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಜೂಲಿಯಸ್ ಸೀಸರ್, ತನಗೆ ಸೋತ ಒಬ್ಬ ಮುದಿ ದೊರೆ ಯೂ ಮರದ ವಿಷದಿಂದ ಪ್ರಾಣ ಕಳೆದುಕೊಂಡ ಅಂತ ಬರೆದಿಟ್ಟಿದ್ದಾನೆ. ಒಂದೇ ಮರ. ಬೇರ್ಪಡಿಸಿ, ಅಳೆದು, ನಾಳಕ್ಕೆ ಕೊಟ್ಟರೆ ಔಷಧ. ಕುದಿಸಿ ಲೋಟದಲ್ಲಿ ಕುಡಿದರೆ ವಿಷ.

ಈ ಯೂ ಮರ ನಮ್ಮ ದೇಶದಲ್ಲೂ ಇದೆ, ಹಿಮಾಲಯದ ಎತ್ತರದಲ್ಲಿ. ಅಲ್ಲಿಯ ಗಢ್ವಾಲ್ ಕಡೆಯವರು ಥುನೇರ್ ಅಂತಾರೆ. ಟ್ಯಾಕ್ಸಾಲ್ ಸುದ್ದಿ ಬಂದದ್ದೇ ತಡ, ಹಿಮಾಲಯದಲ್ಲಿ ಈ ಮರಗಳ ತೊಗಟೆ, ಎಲೆಗೆ ಲಗ್ಗೆ ಬಿತ್ತು. ಕೊನೆಗೆ 1995ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ಕಣ್ಣಿಡುವ ಸೈಟಿಸ್ ಒಪ್ಪಂದದ ಪಟ್ಟಿಗೆ ಅದನ್ನು ಸೇರಿಸಬೇಕಾಯಿತು. ಇನ್ನೊಂದು ಸ್ವಾರಸ್ಯ: ಕೆಮ್ಮಿಗೆ ತಾಲೀಸಾದಿ ಚೂರ್ಣ ತಗೊಳ್ತೀವಲ್ಲ, ಅದರ ತಾಲೀಸಪತ್ರ ಅಂದರೆ ಯಾವ ಮರ ಅನ್ನೋದರಲ್ಲಿ ಹಿಂದಿನಿಂದ ಗೊಂದಲ ಇದೆ. ಹಿಮಾಲಯದ ಇನ್ನೊಂದು ಸೂಜಿ ಎಲೆಯ ಮರ ಅನ್ನೋದು ಈಗಿನ ಒಪ್ಪಿತ ಉತ್ತರ. ಆದರೆ ಕೆಲವು ಕಡೆ ಯೂ ಎಲೆಯನ್ನೂ ಅದೇ ಹೆಸರಿನಲ್ಲಿ ಬಳಸಿದ್ದಿದೆ. ಹೆಸರು ಒಂದು, ಮರ ಎರಡು, ಅದರಲ್ಲಿ ಒಂದು ವಿಷ. ಪುಡಿ ಮಾಡಿ ಪೊಟ್ಟಣ ಕಟ್ಟಿದ ಮೇಲೆ ಯಾವ ಮರದ್ದು ಅಂತ ಹೇಳೋರು ಯಾರು?

ಹಿಮಾಲಯ ದೂರ ಆಯಿತು, ನಮ್ಮ ಮಲೆನಾಡಿಗೆ ಬರೋಣ. ನಮ್ಮ ಪಶ್ಚಿಮ ಘಟ್ಟದಲ್ಲಿ ದುರ್ವಾಸನೆ ಮರ ಅಂತ ಒಂದು ಸಣ್ಣ ಮರ ಇದೆ. ಹೆಸರೇ ಹೇಳುವ ಹಾಗೆ ವಾಸನೆ ಚೆನ್ನಾಗಿಲ್ಲ. ಆದರೆ ಅದರೊಳಗೆ ಕ್ಯಾಂಪ್ಟೊಥೆಸಿನ್ ಎಂಬ ವಸ್ತು ಇದೆ. ಆ ವಸ್ತುವನ್ನು 1966ರಲ್ಲಿ ಒಂದು ಚೀನೀ ಮರದಲ್ಲಿ ಮೊದಲು ಕಂಡುಹಿಡಿದವರೂ ಅದೇ ವಾಲ್ ಮತ್ತು ವಾಣಿ ಅವರ ತಂಡ. ನಮ್ಮ ದುರ್ವಾಸನೆ ಮರದಲ್ಲೂ ಅದು ಸಮೃದ್ಧವಾಗಿದೆ ಅಂತ 1972ರಲ್ಲಿ ತೋರಿಸಿದವರು ಬಾಂಬೆಯ ಸೀಬಾ ಸಂಶೋಧನಾ ಕೇಂದ್ರದ ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಅವರ ತಂಡ ಘಟ್ಟದ ಉದ್ದಕ್ಕೂ ಈ ಮರಗಳನ್ನು ಹುಡುಕಿ, ಯಾವ ಜಾಗದ ಮರದಲ್ಲಿ ಎಷ್ಟಿದೆ ಅಂತ ಅಳೆಯಿತು. ಅಳೆದಾಗ ಕಂಡಿದ್ದು ಏನು? ಮರದಿಂದ ಮರಕ್ಕೆ ಪ್ರಮಾಣ ಬಹಳ ವ್ಯತ್ಯಾಸ. ಅಂದರೆ ಒಂದೇ ಜಾತಿಯ ಎರಡು ಮರದ ತೊಗಟೆ ಒಂದೇ ತೂಕ ತಂದರೂ ಔಷಧ ಒಂದೇ ಸಮ ಇರಲ್ಲ. ಒಂದು ಚಮಚ ಪುಡಿ ಅಂತ ಹೇಳೋರಿಗೆ ಆ ಚಮಚದಲ್ಲಿ ಎಷ್ಟಿದೆ ಅಂತ ಗೊತ್ತಿರೋದಿಲ್ಲ.

ಇದರ ಕಥೆಯಲ್ಲಿ ಇನ್ನೂ ಒಂದು ಪಾಠ ಇದೆ. 1970ರ ದಶಕದಲ್ಲಿ ಕ್ಯಾಂಪ್ಟೊಥೆಸಿನ್ ಅನ್ನು ರೋಗಿಗಳಿಗೆ ಕೊಟ್ಟು ನೋಡಿದರು. ಮೂತ್ರಕೋಶದಲ್ಲಿ ರಕ್ತಸ್ರಾವ ಆಗುವಷ್ಟು ತೊಂದರೆ ಬಂತು. ಪರೀಕ್ಷೆ ನಿಲ್ಲಿಸಿದರು. ಆಮೇಲೆ ಅದು ಕೋಶದಲ್ಲಿ ಏನು ಮಾಡುತ್ತೆ ಅಂತ ಪತ್ತೆ ಹಚ್ಚಿ, ಅದರ ರೂಪವನ್ನು ತಿದ್ದಿ, ಇರಿನೋಟೆಕಾನ್ ಮತ್ತು ಟೊಪೊಟೆಕಾನ್ ಎಂಬ ಎರಡು ಔಷಧ ಮಾಡಿದರು. ಎರಡಕ್ಕೂ 1996ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇರಿನೋಟೆಕಾನ್ ಇವತ್ತು ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಮುಖ್ಯ ಔಷಧ. ಮರದಲ್ಲಿದ್ದ ಮೂಲ ರೂಪ ಸೋತಿತ್ತು. ಗೆದ್ದದ್ದು ತಿದ್ದಿದ ರೂಪ. ಆದರೆ ಬೆಲೆ ತೆತ್ತಿದ್ದು ನಮ್ಮ ಮರವೂ ಹೌದು. ಘಟ್ಟದಲ್ಲಿ ಎಷ್ಟೋ ಕಡೆ ಅದನ್ನು ಬುಡಸಮೇತ ಕಡಿದು ಸಾಗಿಸಿದ್ದಾರೆ.

ಇನ್ನೂ ಹತ್ತಿರದ್ದು ಬೇಕಾ? ನಮ್ಮ ಮನೆ ಕಾಂಪೌಂಡಿಗೇ ಬನ್ನಿ. ನಿತ್ಯಪುಷ್ಪ, ಕೆಲವರು ಕಾಶಿ ಕಣಗಿಲೆ ಅಂತಾರೆ, ದೊಡ್ಡಮ್ಮ ದಿನಾ ಬೆಳಿಗ್ಗೆ ದೇವರಿಗೆ ಏರಿಸುವ ಹೂವು. ಸಕ್ಕರೆ ಕಾಯಿಲೆಗೆ ಅದರ ಎಲೆಯ ಕಷಾಯ ಒಳ್ಳೆಯದು ಅನ್ನುವ ಜನರ ನಂಬಿಕೆಯನ್ನು ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಪರೀಕ್ಷೆ ಮಾಡಿದರು. ಇಲಿಗಳ ಸಕ್ಕರೆ ಇಳಿಯಲಿಲ್ಲ. ಬದಲಿಗೆ ಬಿಳಿ ರಕ್ತಕಣ ಇಳಿದವು! ಆ ಅಚ್ಚರಿಯ ಜಾಡು ಹಿಡಿದೇ ವಿನ್‌ಬ್ಲಾಸ್ಟಿನ್, ಅದರ ಹಿಂದೆಯೇ ವಿನ್‌ಕ್ರಿಸ್ಟಿನ್ ಬಂದವು. ಮಕ್ಕಳ ರಕ್ತ ಕ್ಯಾನ್ಸರ್‌ಗೆ ಇವತ್ತಿಗೂ ವಿನ್‌ಕ್ರಿಸ್ಟಿನ್ ಬೇಕೇ ಬೇಕು. ಸಾರವೆ ಕಟ್ಟೋದಕ್ಕೇ ಬಿಡಲ್ಲ ಅಂದೆನಲ್ಲ, ಆ ಗುಂಪಿನದು ಇದು. ನೋಡಿ, ಜನರ ನಂಬಿಕೆಯಲ್ಲಿ ಒಂದು ಸುಳಿವು ಇತ್ತು. ಆದರೆ ನಂಬಿಕೆ ಹೇಳಿದ ರೋಗ ಬೇರೆ, ಪರೀಕ್ಷೆ ತೋರಿಸಿದ ರೋಗ ಬೇರೆ.

ಹಾಗಾಗಿ ನಾಟಿ ವೈದ್ಯರನ್ನು ಗೇಲಿ ಮಾಡೋದು ನನ್ನ ಉದ್ದೇಶ ಅಲ್ಲ. ಗಿಡಮರಗಳ ಬಗ್ಗೆ ಅವರಿಗಿರುವ ತಿಳಿವಳಿಕೆ ದೊಡ್ಡದು. ಮಲೆನಾಡಿನ ಹಳ್ಳಿಗಳಲ್ಲಿ ನಸುಕಿನಲ್ಲೇ ಟೋಕನ್ ಹಿಡಿದು ನಿಲ್ಲುವವರನ್ನು ದಡ್ಡರು ಅಂತಲೂ ನಾನು ಹೇಳಲ್ಲ. ಆಸ್ಪತ್ರೆಯಲ್ಲಿ ಅವರಿಗೆ ಯಾರೂ ಕೂರಿಸಿಕೊಂಡು ವಿವರಿಸಿಲ್ಲ, ಅಲ್ಲಿ ಯಾರೋ ಕೈ ಹಿಡಿದು 'ಹೆದರಬೇಡಿ' ಅಂದಿದ್ದಾರೆ. ಜನ ಆ ಮಾತಿಗೆ ಹೋಗ್ತಾರೆ. ಆದರೆ ಒಂದು ಲಕ್ಷ ಸಾರ ಪರೀಕ್ಷಿಸಿದಾಗ ಕೊನೆಗೆ ಉಳಿದಿದ್ದು ಬೆರಳೆಣಿಕೆ ಅಂದೆನಲ್ಲ. ನಿಮ್ಮ ಕೈಗೆ ಬಂದ ಪೊಟ್ಟಣ ಆ ಬೆರಳೆಣಿಕೆಯದ್ದಾ, ಉಳಿದ ಲಕ್ಷದ್ದಾ?

ಅದನ್ನು ತಿಳಿಯೋಕೆ ನಾಲ್ಕು ಪ್ರಶ್ನೆ ಸಾಕು. ಯಾವ ಗಿಡದ ಯಾವ ಭಾಗ? ಒಂದು ಸಲಕ್ಕೆ ಅದರಲ್ಲಿ ಔಷಧ ಎಷ್ಟಿದೆ? ಎಷ್ಟು ರೋಗಿಗಳ ಮೇಲೆ ನೋಡಿದ್ದಾರೆ, ನೂರರಲ್ಲಿ ಎಷ್ಟು ಜನಕ್ಕೆ ಗುಣವಾಗಿದೆ, ಎಲ್ಲಿ ಬರೆದಿಟ್ಟಿದ್ದಾರೆ? ಅದರಿಂದ ಏನು ಕೆಟ್ಟದ್ದಾಗುತ್ತೆ? ಕೊನೆಯ ಪ್ರಶ್ನೆಗೆ 'ಏನೂ ಆಗಲ್ಲ' ಅಂತ ಉತ್ತರ ಬಂದರೆ ಅಲ್ಲಿಂದ ಎದ್ದು ಬನ್ನಿ. ಕ್ಯಾನ್ಸರ್ ಕೋಶ ಕೊಲ್ಲುವಷ್ಟು ಶಕ್ತಿ ಇರುವ ಯಾವ ವಸ್ತುವೂ ಉಳಿದ ಮೈಗೆ ಏನೂ ಮಾಡದೆ ಇರೋದು ಬಹಳ ಕಷ್ಟ. ಈ ಪ್ರಶ್ನೆಗಳನ್ನು ಕೀಮೋ ಕೊಡುವ ಡಾಕ್ಟರಿಗೂ ಕೇಳಿ. ಕೇಳೋದು ನಿಮ್ಮ ಹಕ್ಕು.

ಇನ್ನೊಂದು ಮಾತು. ಕೀಮೋ ನಡೆಯುವಾಗ ಮನೆಯವರಿಗೆ ಗೊತ್ತಿಲ್ಲದೆ, ಡಾಕ್ಟರಿಗೆ ಹೇಳದೆ, ಕಷಾಯ ಪುಡಿ ತೆಗೆದುಕೊಳ್ಳುವವರು ಬಹಳ. ಪ್ಯಾಕ್ಲಿಟ್ಯಾಕ್ಸೆಲ್ ಅನ್ನು ಕೊನೆಗೆ ಒಡೆದು ಹೊರಹಾಕೋದು ಯಕೃತ್ತು. ಅದೇ ಯಕೃತ್ತಿನ ಬಾಗಿಲಿಗೆ ಇನ್ನೊಂದು ಮೂಲಿಕೆ ಬಂದು ನಿಂತರೆ ಔಷಧ ಮೈಯಲ್ಲಿ ಹೆಚ್ಚು ಹೊತ್ತು ಉಳಿಯಬಹುದು, ಇಲ್ಲವೇ ಬೇಗ ಕರಗಿಹೋಗಬಹುದು. ಎರಡೂ ಅಪಾಯ. ಏನೇ ತೆಗೆದುಕೊಂಡರೂ ಡಾಕ್ಟರಿಗೆ ಹೇಳಿ. ಬೈದರೂ ಪರವಾಗಿಲ್ಲ, ಹೇಳಿ.

ದೊಡ್ಡಮ್ಮ ಎಲ್ಲ ಕೇಳಿಸಿಕೊಂಡರು. ತಕ್ಷಣ ಒಪ್ಪಲಿಲ್ಲ. 'ಅವತ್ತು ಟೀವಿಯಾಗೆ ಒಂದು ಹೇಳ್ತೀಯ, ಇವತ್ತು ಮನೆಯಾಗೆ ಒಂದು ಹೇಳ್ತೀಯ. ನಾನು ಯಾವುದನ್ನ ನಂಬಲಿ?' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. 'ಅವತ್ತು ನಾನು ಕೇಳಬೇಕಾದ್ದು ಕೇಳಲಿಲ್ಲ ದೊಡ್ಡಮ್ಮ, ತಪ್ಪಾಯ್ತು' ಅಂದೆ. ಮಾರನೇ ದಿನ ಅವರ ಜೊತೆ ನಾನೂ ಹೋದೆ. ಬೆರಳಿನ ವಿಷಯ ಅವರೇ ಡಾಕ್ಟರಿಗೆ ಹೇಳಿದರು. ಡಾಕ್ಟರ್ ಪ್ರಮಾಣ ಸ್ವಲ್ಪ ಇಳಿಸಿದರು. ಬಾಟಲಿ ನೇತುಹಾಕಿದಾಗ ದೊಡ್ಡಮ್ಮ ತಲೆ ಎತ್ತಿ ನೋಡಿ ಸಿಸ್ಟರ್‌ಗೆ ಹೇಳಿದರು: 'ಇದು ಮರದ ತೊಗಟೆದಂತೆ ಕಣಮ್ಮ, ಗೊತ್ತಾ ನಿನಗೆ?'

ಹನ್ನೆರಡೂ ಮುಗಿದವು. ಈಗ ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗ್ತಾರೆ. ಕೂದಲು ಬಂದಿದೆ, ಮೊದಲಿಗಿಂತ ಗುಂಗುರಾಗಿ. ಬೆರಳು ಇನ್ನೂ ಸ್ವಲ್ಪ ಜುಮ್ ಅನ್ನುತ್ತೆ, ಆದರೆ ಗುಂಡಿ ಅವರೇ ಹಾಕ್ಕೊಳ್ತಾರೆ. ಮುಂದಿನದನ್ನು ಯಾರೂ ಬರೆದುಕೊಡೋಕೆ ಆಗಲ್ಲ, ಡಾಕ್ಟರೂ ಬರೆದುಕೊಟ್ಟಿಲ್ಲ.

ಆ ಹಳೆಯ ಕಾರ್ಯಕ್ರಮದ ತುಣುಕು ನಿಮ್ಮ ಫೋನಿಗೂ ಬಂದಿರಬಹುದು. ಬಂದಿದ್ದರೆ ಅದರಲ್ಲಿ ಕೈ ಮುಗಿದು ಕೂತಿರೋನು ನಾನೇ. ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಕಳಿಸಲೇಬೇಕು ಅನ್ನಿಸಿದರೆ ಆ ನಾಲ್ಕು ಪ್ರಶ್ನೆಗಳನ್ನೂ ಕೆಳಗೆ ಬರೆದು ಕಳಿಸಿ.